ನೂಲಿಗೆ ಬೆಲೆಯುಂಟು, ಬೆರಳಿಗಿಲ್ಲವೆ?

ಬೆಂಗಳೂರಿಗೆ ದಕ್ಷಿಣದಲ್ಲಿ, ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಇರುವ ಬೇಗೂರು ಪುರಾತನವಾದ ಊರು. ಅಲ್ಲಿಯ ನಾಗೇಶ್ವರಾಲಯದ ಆವರಣದಲ್ಲಿರುವ, ಕ್ರಿ. ಶ. 890ರ ಸುಮಾರಿನದೆಂದು ವಿದ್ವಾಂಸರು ಎಣಿಸಿರುವ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದ ಮಾತು ಬಂದಿರುವುದನ್ನು ವಾಚಕರು ಬಲ್ಲರು. ಆ ಕಾಳಗದಲ್ಲಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ ಊರು ಅದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ರಚನೆಯಾದಾಗ ಈ ಗ್ರಾಮವು ನಗರದ ಮೇರೆಯೊಳಗೆ ಬಂದಿತು. ಇಂದು ದೇವಾಲಯದ ಸುತ್ತಣ ಹಳೆಯ ಬೀದಿಗಳನ್ನು ದಾಟಿದರೆ ಎತ್ತ ನೋಡಿದರೂ ಬಹುಮಹಡಿಯ ವಸತಿಗಳು. ಗೌರೀಹಬ್ಬಕ್ಕೂ ದೀಪಾವಳಿಗೂ ಮುಂಚೆ ಅಂಥ ವಸತಿಗಳ ಅಂಗಳದಲ್ಲಿ ಗೃಹಿಣಿಯರು ತಾವು ಕೈಯಾರೆ ಮಾಡಿದ ಪದಾರ್ಥಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತುಕೊಳ್ಳುವುದು ಈಗ ರೂಢಿಗೆ ಬಂದಿದೆ. ಚಕ್ಕುಲಿ, ಚಟ್ಟಣಿಪುಡಿ, ಹಣತೆಗಳ ನಡುವೆ ಕ್ರೋಶಾ ಹೆಣಿಗೆಯ ಬಾಗಿಲತೋರಣ, ಮೇಜಿನ ಹಾಸು, ಕೂಸಿನ ಕುಲಾವಿ, ಕೈಚೀಲ, ಬೊಂಬೆ ಇವೂ ಇರುವುವು.

ಅಲ್ಲಿ ನಡೆಯುವ ಸಂಭಾಷಣೆಯನ್ನು ಒಂದು ಸಲ ಕೇಳಿದರೆ ಸಾಕು. ಮುಂದೆ ಕೇಳುವುದೆಲ್ಲವೂ ಅದರ ಪ್ರತಿಯೇ. ವಿದ್ಯಾವಂತೆಯಾದ ಒಬ್ಬ ಮಹಿಳೆ ಬರುವಳು. ಹಾಸನ್ನು ಎತ್ತಿ ಬೆಳಕಿಗೆ ಹಿಡಿದು ಮೆಚ್ಚುವಳು. ಬೆಲೆಯನ್ನು ಕೇಳಿದೊಡನೆ ಕೆಳಗಿಡುವಳು. “ಅಯ್ಯೋ, ಇಷ್ಟೊಂದೇನ್ರೀ? ದಾರಕ್ಕೆಷ್ಟು ಬಿತ್ತು ಹೇಳಿ, ಅದರ ಮೇಲೆ ಐವತ್ತು ರೂಪಾಯಿ ತೊಗೊಳ್ಳಿ. ಹೇಗೂ ಮನೇಲಿ ಕೂತು ಹೊತ್ತು ಕಳೆಯೋದಕ್ಕೆ ಮಾಡಿದ್ದಲ್ವೆ?” ಮಾರುವವಳು ನಾಚಿ ತಲೆಯಾಡಿಸುವಳು. ವ್ಯಾಪಾರ ಮುಗಿಯುವುದು.

ಈ ಮಾತಿನಲ್ಲಿ ದ್ವೇಷವಿಲ್ಲ, ವಂಚನೆಯ ಬುದ್ಧಿಯೂ ಇಲ್ಲ. ಆದುದರಿಂದಲೇ ಅದನ್ನು ವಿಚಾರಣೆಗೆ ಎಳೆಯುವುದು ಅವಶ್ಯಕ. ತಿಳಿದು ಮಾಡುವ ಅನ್ಯಾಯಕ್ಕೆ ನಾಚಿಕೆಯಾದರೂ ಉಂಟು. ಲೆಕ್ಕವನ್ನು ನೋಡೋಣವಾಗಲಿ. ಹೊಸದಾಗಿ ಕಲಿತ ಕೈಗೆ ಒಂದು ಮಧ್ಯಮ ಗಾತ್ರದ ಮೇಜಿನ ಹಾಸಿಗೆ 30 ಗಂಟೆ ಹಿಡಿಯಿತೆಂದೂ, ನೂಲಿಗೆ 250 ರೂಪಾಯಿ ಬಿದ್ದಿತೆಂದೂ, ಆಕೆ 600 ರೂಪಾಯಿ ಕೇಳಿದಳೆಂದೂ ಇಟ್ಟುಕೊಳ್ಳಬಹುದು. ಕೇಳಿದಷ್ಟನ್ನೂ ಕೊಟ್ಟರೂ ಆಕೆಯ ಕೈಗೆ ಗಂಟೆಗೆ 12 ರೂಪಾಯಿ ಪೂರ್ತಿಯಾಗಿ ದೊರೆಯುವುದಿಲ್ಲ. ದಾರದ ಮೇಲೆ ಐವತ್ತು ರೂಪಾಯಿಯ ಉದಾರಹೃದಯದವರು ಕೊಡುವುದು ಗಂಟೆಗೆ ಎರಡು ರೂಪಾಯಿಗಿಂತ ಕಡಮೆ. ಅದೇ ಮಹಿಳೆಯ ಮನೆಗೆ ನಲ್ಲಿಯನ್ನು ಸರಿಪಡಿಸಲು ಬಂದವನಿಗೆ ಹೀಗೆ ಹೇಳಿ ನೋಡಲಿ: ವಾಷರಿನ ಬೆಲೆಯ ಮೇಲೆ ಐದು ರೂಪಾಯಿ ತೊಗೋ, ಹೇಗೂ ಹೊತ್ತು ಕಳೆಯಲು ಬಂದೆಯಲ್ಲವೆ, ಎಂದು.

ಕ್ರೋಶಾ ಎಂಬ ಕೆಲಸದ ಸ್ವಭಾವವನ್ನು ಅರಿಯದಿರುವುದೇ ಈ ತಪ್ಪಿಗೆ ಅರ್ಧ ಕಾರಣ. ಫ್ರೆಂಚ್ ಭಾಷೆಯಲ್ಲಿ ಕೊಕ್ಕೆಯೆಂಬ ಅರ್ಥದ ಮಾತಿನಿಂದ ಈ ಹೆಸರು ಹುಟ್ಟಿತು. ಒಂದೇ ಕೊಕ್ಕೆಕಡ್ಡಿ, ಒಂದೇ ಎಳೆ. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆದು ಸರಪಣಿ ಮಾಡುವುದು, ಆ ಸರಪಣಿಯ ಮೇಲೆ ಕಂಬಗಳನ್ನು ನಿಲ್ಲಿಸುವುದು, ಇಷ್ಟೇ ಇದರ ಮೂಲ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಏಕಕಾಲದಲ್ಲಿ ಕಡ್ಡಿಯ ಮೇಲೆ ನಿಂತಿರುವುವು. ಆದುದರಿಂದ ಅದನ್ನು ಯಂತ್ರಕ್ಕೆ ಕಲಿಸುವುದು ಸಾಧ್ಯವಾಯಿತು. 1589ರಷ್ಟು ಹಿಂದೆಯೇ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಚೌಕಟ್ಟನ್ನು ನಿರ್ಮಿಸಿದನು. ಕ್ರೋಶಾದಲ್ಲಾದರೋ ಒಂದು ಕುಣಿಕೆ ಮುಗಿದ ಮೇಲೆಯೇ ಇನ್ನೊಂದು. ಪ್ರತಿಯೊಂದಕ್ಕೂ ಕೊಕ್ಕೆಯು ಬೇರೆ ಬೇರೆ ರಂಧ್ರವನ್ನು ಹುಡುಕಿ, ಬೇರೆ ಬೇರೆ ಕೋನದಲ್ಲಿ ಒಳಹೊಕ್ಕು ಹೊರಬರಬೇಕು. ಪ್ರಯೋಗಶಾಲೆಗಳಲ್ಲಿ ಯತ್ನಗಳು ನಡೆದಿದ್ದರೂ, ನಿಜವಾದ ಕ್ರೋಶಾವನ್ನು ರಾಶಿರಾಶಿಯಾಗಿ ಹೆಣೆದು ಹಾಕುವ ಯಂತ್ರವು ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಕ್ರೋಶಾ ಯಂತ್ರವೆಂಬ ಹೆಸರಿನಿಂದ ಓಡುತ್ತಿರುವುವು ಬೇರೊಂದು ಬಗೆಯ ಹೆಣಿಗೆಯಿಂದ ಅದರ ಹೋಲಿಕೆಯನ್ನು ತೆಗೆಯುವುವು, ಅಷ್ಟೆ.

ಇದರಿಂದ ಬರುವ ತಾತ್ಪರ್ಯವನ್ನು ಕೊಳ್ಳುವವರು ಮನಸ್ಸಿಟ್ಟು ನೋಡಬೇಕು. “ಪೇಟೆಯಲ್ಲಿ ಇದೇ ಹಾಸು ನೂರೈವತ್ತಕ್ಕೆ ಸಿಗುತ್ತದೆ” ಎಂದು ವಾದಿಸುವವರು ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕಾಗುವುದು. ಒಂದೋ ಅದು ಕ್ರೋಶಾವಲ್ಲ, ಅದರ ವೇಷ. ಇಲ್ಲವೆ ಅದು ಕ್ರೋಶಾವೇ, ಆದರೆ ಎಲ್ಲಿಯೋ ಯಾರೋ ಒಬ್ಬಳ ಗಂಟೆಗಳನ್ನು ಮಧ್ಯವರ್ತಿಯು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿದ್ದಾನೆ. ಮೂರನೆಯ ಪಕ್ಷವಿಲ್ಲ.

ಆ ಎರಡನೆಯ ಪಕ್ಷವು ಕಲ್ಪನೆಯಲ್ಲ. ನೆರೆಯ ಆಂಧ್ರದ ಗೋದಾವರೀ ತೀರದಲ್ಲಿರುವ ನರಸಾಪುರವು ಕ್ರೋಶಾ ಜಾಲರಿಗೆ ಲೋಕಪ್ರಸಿದ್ಧವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಅಲ್ಲಿಯ ಬಡ ಸ್ತ್ರೀಯರಿಗೆ ಇದನ್ನು ಕಲಿಸಿದರು. ಅದು ಬೆಳೆದು ಹೊರನಾಡುಗಳಿಗೆ ರಫ್ತಾಗುವ ಉದ್ಯಮವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ಮನೆಮನೆಗಳನ್ನು ಹೊಕ್ಕು ವಿಚಾರಿಸಿ, 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರ್ಸಾಪುರ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಆಕೆ ಕಂಡುದೇನು? ಅಡಿಗೆ, ನೀರು, ಮಕ್ಕಳು ಇವೆಲ್ಲವನ್ನೂ ನೋಡಿಕೊಂಡು ಉಳಿದ ಹೊತ್ತನ್ನೆಲ್ಲ ಹೆಣಿಗೆಗೆ ಸುರಿಯುತ್ತಿದ್ದ ಹೆಂಗಸರನ್ನು ವ್ಯಾಪಾರಿಗಳೂ ಸರಕಾರದ ಕಾಗದಗಳೂ ಕೆಲಸಗಾರ್ತಿಯರೆಂದು ಎಣಿಸಿರಲಿಲ್ಲ. ಅವರು ‘ಗೃಹಿಣಿಯರು’, ಅವರದು ‘ಬಿಡುವಿನ ವೇಳೆಯ ಕೆಲಸ’. ಆ ಎರಡು ಮಾತುಗಳ ನೆರಳಿನಲ್ಲಿ ರಫ್ತುದಾರರ ಮಾಳಿಗೆಗಳು ಎದ್ದುವು. 2024ರಲ್ಲಿ ನರಸಾಪುರದ ಜಾಲರಿಗೆ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು. ಒಳ್ಳೆಯದೇ. ಊರಿನ ಹೆಸರಿಗೆ ಮರ್ಯಾದೆ ಬಂದಿತು. ಮುದ್ರೆಯು ಹೆಣೆದವಳ ಕೂಲಿಯನ್ನು ತಾನಾಗಿ ನಿಗದಿಮಾಡುವುದಿಲ್ಲ ಎಂಬುದನ್ನು ಮಾತ್ರ ಮರೆಯಲಾಗದು.

ಬೇಗೂರಿನ ವಸತಿಯ ಅಂಗಳದಲ್ಲಿ ಕೇಳಿದ ಮಾತಿಗೂ ನರಸಾಪುರದ ಮಧ್ಯವರ್ತಿಯ ಮಾತಿಗೂ ಭೇದವೇನು? ‘ಹೊತ್ತು ಕಳೆಯುವುದಕ್ಕೆ ಮಾಡಿದ್ದು’ ಎಂಬ ಒಂದೇ ವಾಕ್ಯ ಎರಡು ಕಡೆಯೂ ಉಂಟು. ಹೊತ್ತು ಯಾರದು? ಕಳೆದುಹೋದದ್ದು ಯಾರ ಆಯುಸ್ಸು?

ಕೆಲವರು ಇಲ್ಲಿ ಪುರಾತನ ಸಂಪ್ರದಾಯವನ್ನು ಮುಂದಿಡುವರು. ಕುಲಸ್ತ್ರೀಯರು ಕೈಗೆಲಸಕ್ಕೆ ಕೂಲಿ ಕೇಳುವುದು ಪದ್ಧತಿಯಲ್ಲ; ಅದು ವಿನೋದ, ಅದು ಕಲೆ; ಅರವತ್ತನಾಲ್ಕು ವಿದ್ಯೆಗಳಲ್ಲಿ ಸೂಚೀವಾನಕರ್ಮವೂ ಒಂದಲ್ಲವೆ? ಎಂದು. ಸಂಪ್ರದಾಯದ ಹೆಸರನ್ನು ಎತ್ತುವವರು ಸಂಪ್ರದಾಯವನ್ನು ಪೂರ್ತಿಯಾಗಿ ಓದಬೇಕು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದಿದೆ. ನೂಲು ತೆಗೆಯುವ ವಿಧವೆಯರು, ಅಂಗವಿಕಲೆಯರು, ಕನ್ಯೆಯರು, ವೃದ್ಧೆಯರು ಇವರಿಗೆ ಕೂಲಿ ಹೇಗೆ ಎಂಬುದು ಅಲ್ಲಿಯ ವಿಷಯ. ನೂಲು ನಯವೋ, ಒರಟೋ, ಮಧ್ಯಮವೋ ನೋಡಿ ವೇತನವನ್ನು ಕಟ್ಟಬೇಕು. ಎಷ್ಟು ನೂತರೆಂದು ತಿಳಿದು ಎಣ್ಣೆಯನ್ನೂ ನೆಲ್ಲಿಯ ಲೇಪನವನ್ನೂ ಮೇಲೆ ಕೊಟ್ಟು ಸಂತೋಷಪಡಿಸಬೇಕು. ಮನೆಯಿಂದ ಹೊರಡದ ಹೆಂಗಸರಿಗೆ ಅಧ್ಯಕ್ಷನು ತನ್ನ ದಾಸಿಯರ ಕೈಯಲ್ಲಿ ಕೆಲಸವನ್ನು ಮರ್ಯಾದೆಯಿಂದ ಕಳುಹಿಸಿಕೊಡಬೇಕು. ತಾವಾಗಿ ನಸುಕಿನಲ್ಲಿ ಸೂತ್ರಶಾಲೆಗೆ ಬಂದವರಿಂದ ನೂಲನ್ನು ಪಡೆದು ಆಗಲೇ ಕೂಲಿಯನ್ನು ಕೊಡಬೇಕು. ಅಲ್ಲಿ ದೀಪವಿರಬೇಕಾದುದು ನೂಲನ್ನು ಪರೀಕ್ಷಿಸುವಷ್ಟಕ್ಕೆ ಮಾತ್ರ. ಹೆಂಗಸಿನ ಮುಖವನ್ನು ನೋಡಿದರೆ, ಬೇರೆ ಮಾತೆತ್ತಿದರೆ, ಅಧಿಕಾರಿಗೆ ದಂಡ. ಕೂಲಿಯನ್ನು ಕೊಡಲು ತಡಮಾಡಿದರೆ ಅದಕ್ಕಿಂತಲೂ ಹೆಚ್ಚಿನ ದಂಡ! ಕೂಲಿ ಹಿಡಿದು ಕೆಲಸ ಮಾಡದವಳ ಹೆಬ್ಬೆರಳಿಗೆ ಕ್ರೂರವಾದ ಶಿಕ್ಷೆಯನ್ನೂ ಆ ಗ್ರಂಥವು ವಿಧಿಸಿದೆ. ಅದನ್ನು ಮುಚ್ಚಿಟ್ಟು ಹೊಗಳುವುದು ನ್ಯಾಯವಲ್ಲ. ಆದರೆ ಮನೆಯಲ್ಲಿ ಕುಳಿತವಳ ನೂಲು ವಿನೋದವೆಂದೂ ಅದಕ್ಕೆ ಬೆಲೆಯಿಲ್ಲವೆಂದೂ ಹೇಳುವ ಧೈರ್ಯ ಕೌಟಿಲ್ಯನಿಗೂ ಬರಲಿಲ್ಲ.

ಇಷ್ಟು ದೂರದ ಕಾಲಕ್ಕೆ ಹೋಗುವುದು ಬೇಡವೆನ್ನುವವರು ಬೇಗೂರಿನ ಮಗ್ಗುಲಿಗೇ ಬರಲಿ. ಬೇಗೂರು ರಸ್ತೆಯು ಹೊಸೂರು ರಸ್ತೆಯನ್ನು ಸೇರುವ ಬೊಮ್ಮನಹಳ್ಳಿಯ ಸುತ್ತುಮುತ್ತು ಸಿದ್ಧ ಉಡುಪಿನ ಕಾರ್ಖಾನೆಗಳು ದಟ್ಟವಾಗಿವೆ. ಅಲ್ಲಿ ಹೊಲಿಯುವವರಲ್ಲಿ ಬಹುಮಂದಿ ಹೆಂಗಸರು. 2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂತೆಗೆಯುವ ಹಕ್ಕಿಗೆ ಕೇಂದ್ರ ಸರಕಾರವು ಹೊಸ ನಿರ್ಬಂಧವನ್ನು ಹಾಕಿದಾಗ, ಆ ಸ್ತ್ರೀಯರು ಸಾವಿರಗಟ್ಟಲೆಯಾಗಿ ಹೊಸೂರು ರಸ್ತೆಗೆ ಇಳಿದರು. ಎರಡು ದಿನಗಳೊಳಗೆ ಆ ಆಜ್ಞೆಯು ಹಿಂದಕ್ಕೆ ಹೋಯಿತು. ಅವರ ಕೂಲಿ ಸಾಲದೆಂಬುದು ಬೇರೆ ಮಾತು. ಆದರೂ ಅವರಿಗೆ ಹಾಜರಿಯ ಪುಸ್ತಕವುಂಟು, ಗಂಟೆಯ ಲೆಕ್ಕವುಂಟು, ಕೂಗಿದರೆ ಜೊತೆಗೆ ಕೂಗುವವರುಂಟು. ಸಂಸ್ಕೃತದಲ್ಲಿ ಕ್ರೋಶವೆಂದರೆ ಕೂಗು. ಕೂಗಳತೆಯ ದೂರಕ್ಕೂ ಅದೇ ಹೆಸರು. ಅವರಿಂದ ಒಂದು ಕ್ರೋಶದ ದೂರದಲ್ಲಿ ಕುಳಿತು ಕ್ರೋಶಾ ಹೆಣೆಯುವವಳಿಗೆ ಹಾಜರಿಯಿಲ್ಲ, ಲೆಕ್ಕವಿಲ್ಲ, ಕೂಗೂ ಇಲ್ಲ. ಮನೆಯಲ್ಲಿದ್ದುಕೊಂಡು ಇತರರಿಗಾಗಿ ದುಡಿಯುವವರ ಹಕ್ಕುಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1996ರಲ್ಲಿ ಒಂದು ಒಡಂಬಡಿಕೆಯನ್ನು ಮಾಡಿತು. ಭಾರತವು ಅದನ್ನು ಅನುಮೋದಿಸಿಲ್ಲ.

ಇನ್ನು ಹೆಣೆಯುವವರ ಕಡೆಯ ದೋಷ. ಅದನ್ನು ಹೇಳದಿದ್ದರೆ ವಾದವು ಒಕ್ಕಣ್ಣಿನದಾಗುವುದು. ಹೊಸದಾಗಿ ಕಲಿಯುವವರಲ್ಲಿ ಅನೇಕರು ಕಡ್ಡಿ ಹಿಡಿದ ಹದಿನೈದು ದಿನಕ್ಕೆ ಮಾರಲು ಕೂಡುವರು. ಇದು ಅವಸರ. ಮೊದಲ ಹಾಸು ನಾಲ್ಕು ಮೂಲೆಯದಾಗಿ ಆರಂಭವಾಗಿ ಮೂರು ಮೂಲೆಯದಾಗಿ ಮುಗಿಯುವುದು ಏಕೆ? ಪ್ರತಿ ಸಾಲಿನ ಕೊನೆಯ ಕುಣಿಕೆಯನ್ನು ಕಾಣದೆ ಬಿಡುವುದರಿಂದ. ಎಣಿಸುವ ಅಭ್ಯಾಸವಿದ್ದರೆ ಇದು ಆಗದು. ದುಂಡು ಹಾಸಿನಲ್ಲಿ ಸುತ್ತು ಸುತ್ತಿಗೂ ಸೇರಿಸಬೇಕಾದ ಕುಣಿಕೆ ಕಡಮೆಯಾದರೆ ಅದು ಬಟ್ಟಲಿನಂತೆ ಮೇಲೇಳುವುದು, ಹೆಚ್ಚಾದರೆ ನೆರಿಗೆಗಟ್ಟುವುದು. ವಿನ್ಯಾಸಗಳನ್ನು ಓದುವಾಗ ಇನ್ನೊಂದು ತೊಡಕು: ಅಮೆರಿಕದವರು ಸಿಂಗಲ್ ಎನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಎನ್ನುವರು, ಯಾವ ದೇಶದ ಪುಸ್ತಕವೆಂದು ಮೊದಲು ನೋಡದವರ ಕುಲಾವಿ ಮಗುವಿಗಾಗದೆ ಮಾವನವರಿಗಾಗುವುದು.

ನೂಲಿನ ಆಯ್ಕೆಯಲ್ಲಿ ಆಗುವ ತಪ್ಪು ಇದಕ್ಕಿಂತ ಗುರುತರವಾದುದು. ಬಣ್ಣ ಚೆನ್ನಾಗಿದೆ, ಬೆಲೆ ಇಳುವು ಎಂದು ಅಕ್ರಿಲಿಕ್ ನೂಲಿನಿಂದ ಒಲೆಯ ಬಳಿಯ ಹಿಡಿಬಟ್ಟೆಯನ್ನು ಹೆಣೆಯುವವರುಂಟು. ಅಕ್ರಿಲಿಕ್ ಕಾವಿಗೆ ಕರಗಿ ಕೈಗೆ ಅಂಟುವ ಪದಾರ್ಥ. ಅಡಿಗೆಮನೆಗೆ ಹತ್ತಿನೂಲೇ ತಕ್ಕುದು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುವುದಾದ್ದರಿಂದ ಸಣ್ಣ ತುಂಡೊಂದನ್ನು ಹೆಣೆದು ಒಗೆದು ಅಳತೆ ನೋಡುವುದು ವಿವೇಕ. ಕೂಸಿಗೆ ಕೊಡುವ ಬೊಂಬೆಗೆ ಗುಂಡಿಯ ಕಣ್ಣು ಹಚ್ಚಬಾರದು. ಅದು ಕಿತ್ತು ಬಾಯಿಗೆ ಹೋಗುವುದು. ನೂಲಿನಿಂದಲೇ ಕಣ್ಣು ಬಿಡಿಸಬೇಕು. ಕೊನೆಯ ಎಳೆಯನ್ನು ಸೂಜಿಯಿಂದ ಒಳಗೆ ಹೊಗಿಸಿ ಭದ್ರಪಡಿಸದೆ ಕತ್ತರಿಸಿದ ಹಾಸು ಎರಡನೆಯ ತಿಂಗಳಿಗೆ ಬಿಚ್ಚಿಕೊಳ್ಳುವುದು, ಅದರೊಡನೆ ಕೈಗೆಲಸದ ಮಾನವೂ ಬಿಚ್ಚಿಕೊಳ್ಳುವುದು. ಅಭ್ಯಾಸದ ಕಾಲದ ವಸ್ತುಗಳು ಸ್ವಂತ ಮನೆಯಲ್ಲಿರಲಿ: ಬಿಸಿಪಾತ್ರೆಯ ಅಡಿಯ ಹಾಸು, ತರಕಾರಿಯ ಚೀಲ, ಹಾಲಿನ ಪಾತ್ರೆಯ ಮುಚ್ಚುಬಟ್ಟೆ. ಅವುಗಳ ವಕ್ರತೆಯನ್ನು ಮನೆಯವರು ಸಹಿಸುವರು, ಸಹಿಸಲೂ ಬೇಕು.

ಹೊಸಬಳ ಕೆಲಸ ಇಷ್ಟು ಅಪಕ್ವವಾಗಿರುವಾಗ ಕಡಮೆ ಬೆಲೆ ಕೊಡುವುದರಲ್ಲಿ ತಪ್ಪೇನು ಎಂದು ಆಕ್ಷೇಪಿಸುವವರಿಗೆ ಉತ್ತರ ಸುಲಭ. ಅಪಕ್ವವಾದುದನ್ನು ಕೊಳ್ಳಬೇಡಿ. ಕೊಳ್ಳಲು ಯೋಗ್ಯವೆಂದು ಕಂಡಮೇಲೆ ಅದು ಪಕ್ವವೇ. ನಿಧಾನವಾದ ಕೈಗೆ 30 ಗಂಟೆ ಹಿಡಿದದ್ದು ಪಳಗಿದ ಕೈಗೆ 15 ಗಂಟೆ ಹಿಡಿದೀತು. ಆ ಹೆಚ್ಚಿನ 15 ಗಂಟೆ ಕಲಿಕೆಯ ಲೆಕ್ಕಕ್ಕೆ ಹೋಗಲಿ, ಕೊಳ್ಳುವವರು ಅದನ್ನು ಹೊರಬೇಕಾದುದಿಲ್ಲ. ಉಳಿದ ಹದಿನೈದನ್ನು ನುಂಗುವ ಅಧಿಕಾರ ಅವರಿಗೆ ಎಲ್ಲಿಂದ ಬಂದಿತು?

ಉಡುಗೊರೆಯ ವಿಷಯದಲ್ಲಿ ನಡೆಯುವುದು ಇನ್ನೂ ಸೂಕ್ಷ್ಮವಾದ ಸುಲಿಗೆ. ತಂಗಿಯ ಸೀಮಂತಕ್ಕೆ ಒಬ್ಬಳು ಕುಲಾವಿಯನ್ನೂ ಕಾಲುಚೀಲವನ್ನೂ ಹೆಣೆದು ತರುವಳು. ಅದು ದಾನ, ಅದಕ್ಕೆ ಬೆಲೆ ಕಟ್ಟುವುದು ಪಾಪ. ಆದರೆ ಅದನ್ನು ಕಂಡ ಚಿಕ್ಕಮ್ಮ, ನಾದಿನಿ, ಎದುರುಮನೆಯವರು “ನಮಗೂ ಒಂದು ಮಾಡಿಕೊಡೇ, ನಿನಗೇನು, ಟೀವಿ ನೋಡ್ತಾ ಹಾಕಿಬಿಡ್ತೀಯ” ಎಂದು ಒಬ್ಬೊಬ್ಬರಾಗಿ ಹಾಕುವ ಬೇಡಿಕೆ ದಾನವೂ ಅಲ್ಲ, ಕ್ರಯವೂ ಅಲ್ಲ. ಪ್ರೀತಿಯ ಮುಸುಕು ಹೊದ್ದ ಬಿಟ್ಟಿ. ಬಿಟ್ಟಿ ಎಂಬ ಮಾತನ್ನು ಇಲ್ಲಿ ಬಯ್ಗುಳಾಗಿ ಬಳಸಿಲ್ಲ. ಪೂರ್ವದಲ್ಲಿ ಊರೊಡೆಯನು ಕೂಲಿ ಕೊಡದೆ ಮಾಡಿಸಿಕೊಳ್ಳುತ್ತಿದ್ದ ಕೆಲಸಕ್ಕೆ ಅದೇ ಹೆಸರು. ಕೊಡುವವಳೇ ಮನಸ್ಸು ಮಾಡಿ ಕೊಟ್ಟರೆ ಉಡುಗೊರೆ. ಪಡೆಯುವವರು ಕೇಳಿ ಮಾಡಿಸಿಕೊಂಡರೆ ಅದು ಕೆಲಸ, ಕೆಲಸಕ್ಕೆ ಕೂಲಿಯುಂಟು. ಈ ಗೆರೆಯನ್ನು ಮೊದಲ ದಿನವೇ ಎಳೆದುಕೊಳ್ಳದ ಕಲಿಕೆಯವಳು ಎರಡು ವರ್ಷಗಳಲ್ಲಿ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿಬಿಡುವಳು. ಹಾಗೆ ಪೆಟ್ಟಿಗೆ ಸೇರಿದ ಕಡ್ಡಿಗಳು ಎಷ್ಟು ಮನೆಗಳಲ್ಲಿಲ್ಲ!

ಇದು ಪರದೇಶದ ವಿದ್ಯೆ, ಕಸೂತಿಯಿರುವ ನಾಡಿಗೆ ಇದೇಕೆ ಎಂಬ ದೇಶಾಭಿಮಾನದ ಆಕ್ಷೇಪವೂ ಒಂದುಂಟು. ಗವಂತಿ, ಮುರಗಿ, ನೇಗಿ, ಮೆಂತ್ಯಗಳೆಂಬ ನಾಲ್ಕು ಹೊಲಿಗೆಗಳ ಧಾರವಾಡದ ಕಸೂತಿ ಅನುಪಮವಾದುದೇ. ಆದರೆ ಪಿಟೀಲು ಪರದೇಶದ್ದೆಂದು ಮೈಸೂರು ಚೌಡಯ್ಯನವರನ್ನು ಯಾರೂ ಸಭೆಯಿಂದ ಎಬ್ಬಿಸಲಿಲ್ಲ. ಮೆಣಸಿನಕಾಯಿಯೂ ಸಮುದ್ರ ದಾಟಿ ಬಂದದ್ದೇ. ಈ ಆಕ್ಷೇಪಕರಾದರೂ ಕಸೂತಿಯ ಸೀರೆಗೆ ಕೇಳಿದ ಬೆಲೆಯನ್ನು ಕೊಡುವರೆ? ಅಲ್ಲಿಯೂ ಅದೇ ಮಾತು, ಸೀರೆಗೆಷ್ಟು, ದಾರಕ್ಕೆಷ್ಟು.

ಪರದೇಶದ ಮಾತು ಬಂದುದರಿಂದ ಅಲ್ಲಿಯ ಒಂದು ಸಂಗತಿಯನ್ನು ಹೇಳಬಹುದು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ಬಿದ್ದು ಘೋರ ಕ್ಷಾಮವು ಕವಿದಾಗ, ಸಂನ್ಯಾಸಿನಿಯರ ಮಠಗಳಲ್ಲಿಯೂ, ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿಯಾದ ಕಸಾಂಡ್ರಾ ಹ್ಯಾಂಡ್ ಎಂಬಾಕೆಯ ಆಶ್ರಯದಲ್ಲಿಯೂ, ಹಸಿದ ಮನೆಗಳ ಹೆಣ್ಣುಮಕ್ಕಳು ಕ್ರೋಶಾ ಕಲಿತು ಜಾಲರಿ ಹೆಣೆದರು. ಅದು ದೊಡ್ಡ ನಗರಗಳ ಶ್ರೀಮಂತರ ಉಡುಪಿಗೆ ಏರಿತು. ಅದರಿಂದ ಬಂದ ಕಾಸು ಎಷ್ಟೋ ಸಂಸಾರಗಳ ಪ್ರಾಣವನ್ನು ಹಿಡಿದು ನಿಲ್ಲಿಸಿತು. ಅದೇ ಕೊಕ್ಕೆ, ಅದೇ ಕುಣಿಕೆ, ಅದೇ ಗುಡಿಸಲ ಮಂದಬೆಳಕು. ಅಲ್ಲಿ ಯಾರೂ ಅದನ್ನು ಹೊತ್ತು ಕಳೆಯುವುದೆನ್ನಲಿಲ್ಲ. ಕಳೆಯಲು ಹೊತ್ತಿದ್ದರೂ ತಿನ್ನಲು ಅನ್ನವಿರಲಿಲ್ಲ.

ಬೇಗೂರಿನಂಥ ಊರುಗಳಲ್ಲಿ ಹೆಣೆಯುವ ಮಹಿಳೆಯರು ಸಂಘ ಕಟ್ಟಿ ಚಳವಳಿ ಹೂಡಬೇಕೆಂದು ಇಲ್ಲಿ ಹೇಳಿದುದಲ್ಲ. ಕೇಳುವುದು ಅತ್ಯಲ್ಪ. ಪ್ರತಿಯೊಂದು ವಸ್ತುವಿಗೂ ಒಂದು ಚೀಟಿಯನ್ನು ಕಟ್ಟಲಿ. ಅದರಲ್ಲಿ ಹೆಣೆದವಳ ಹೆಸರು, ನೂಲು ಯಾವುದು, ಹಿಡಿದ ಗಂಟೆಗಳೆಷ್ಟು ಎಂದಿಷ್ಟು ಬರೆದಿರಲಿ. ಉಡುಗೊರೆಯಾಗಿ ಕೊಡುವಾಗಲೂ ಬೆಲೆಯನ್ನು ಬಿಟ್ಟು ಉಳಿದುದನ್ನು ಬರೆಯಲಿ. ವೀರಗಲ್ಲಿನಲ್ಲಿ ಹೆಸರು ಕೊರೆದ ಊರಿಗೆ ಇದು ಹೊಸ ಪದ್ಧತಿಯೇನಲ್ಲ. ಗಂಟೆಯ ಸಂಖ್ಯೆ ಕಣ್ಣಿಗೆ ಬಿದ್ದಮೇಲೂ ಚೌಕಾಸಿ ಮಾಡುವವರು ಮಾಡಲಿ. ತಿಳಿಯದೆ ಮಾಡಿದೆವೆಂಬ ನೆಪವು ಅವರಿಗೆ ಉಳಿಯದು.

ಹೀಗೆ ಮಾಡಿದರೆ ಕೊಳ್ಳುವವರೇ ಇಲ್ಲದಾಗುವರು, ಇರುವ ನಾಲ್ಕು ಕಾಸೂ ಹೋಗುವುದು ಎಂದು ಹೆದರಿಸುವವರುಂಟು. ಹೋದರೆ ಹೋಗಲಿ, ಮಾರಾಟವಾಗದ ತೋರಣವು ಹೆಣೆದವಳ ಬಾಗಿಲಿಗೇ ಶೋಭೆ. ಬೆಲೆ ಹೆಚ್ಚೆಂದೇ ತೋರುವ ಮಹನೀಯರಿಗೂ ಮಹಿಳೆಯರಿಗೂ ಇನ್ನೊಂದು ದಾರಿ ತೆರೆದಿದೆ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಕ್ರೋಶಾ ಕಡ್ಡಿಯೂ ಹತ್ತಿನೂಲಿನ ಉಂಡೆಯೂ ಅಲ್ಪ ಬೆಲೆಗೆ ದೊರೆಯುವುವು. ಒಂದನ್ನು ತಂದು, ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಯ ಬಳಿ ಕುಳಿತು, ಅಂಗೈಯಗಲದ ಒಂದು ಹಾಸನ್ನು ಅಂಚು ವಕ್ರವಾಗದಂತೆ ಹೆಣೆದು ಮುಗಿಸಲಿ. ಆಮೇಲೆ ಅಂಗಳದ ಮೇಜಿನ ಬಳಿಗೆ ಬಂದು ಬೆಲೆಯ ಮಾತನಾಡಲಿ.